ಮಂಜು ಇರಲೇಬೇಕು ಎನ್ನುವ ಇಸ್ಕ್ರಾ

ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷ. ಡ್ಯಾನ್ಯೂಬ್ ನದಿಯ ದಂಡೆಯ ವಿದಿನ್ ಪಟ್ಟಣದ ಹಳೆಯ ವಸತಿ ಕಟ್ಟಡವೊಂದರ ಮೂರನೆಯ ಮಹಡಿ. ಅಡುಗೆಮನೆಯ ಮೇಜಿನ ಮೇಲೆ ಮುಚ್ಚಳ ಕಳಚಿದ ಕಂಪ್ಯೂಟರೊಂದು ಅಂಗಾತ ಮಲಗಿದೆ. ಅದರ ಮುಂದೆ ಹೆಗಲಿಗೆ ಉಣ್ಣೆಯ ಶಾಲು ಹೊದ್ದು ಕೂತವರು ಅರವತ್ತೊಂದರ ಇಸ್ಕ್ರಾ ಕುರ್ತೇವಾ. ಪರದೆಯ ಮೇಲೆ ಬೂದು ಬಣ್ಣದ ನದಿ, ನದಿಯಲ್ಲೊಂದು ದೋಣಿ, ದೋಣಿಯ ತುಂಬ ಪೆಟ್ರೋಲ್ ಪೀಪಾಯಿಗಳು. ಎದುರಿನಿಂದ ಗಸ್ತಿನ ದೋಣಿ ಬರುತ್ತಿದೆ. ಅದರ ಎಂಜಿನ್ ಸದ್ದು ಕೇಳಬೇಕು, ಆದರೆ ತೀರ ಹತ್ತಿರ ಬರುವವರೆಗೆ ಅದು ಕಾಣಬಾರದು. ಇಸ್ಕ್ರಾ ಗಟ್ಟಿಯಾಗಿ ಎಣಿಸುತ್ತಾರೆ. "ಒಂದು, ಎರಡು, ಮೂರು, ನಾಲ್ಕು..." ನಾಲ್ಕಕ್ಕೇ ದೋಣಿ ಕಾಣಿಸಿಬಿಡುತ್ತದೆ. ಒಂಬತ್ತಕ್ಕೆ ಕಾಣಬೇಕಿತ್ತು.

"ಥೂ, ಸುಳ್ಳುಬುರುಕ ಮುಂಡೇದೆ! ಮಂಜು ಹಾಕಕ್ಕೆ ಬರುತ್ತಾ ಅಂದ್ರೆ ಬರುತ್ತೆ ಅಂತೀಯ. ಹಾಕು ಅಂದ್ರೆ ಕೈ ಎತ್ತಿಬಿಡ್ತೀಯ."

ಬೈಗುಳ ಬಿದ್ದದ್ದು ಪರದೆಗೆ ಚಿತ್ರ ಬರೆದುಕೊಡುವ ಅಂಗೈಯಗಲದ ಗ್ರಾಫಿಕ್ಸ್ ಕಾರ್ಡಿಗೆ. ಅದನ್ನು ಕಿತ್ತು, ಅಂಟುಪಟ್ಟಿಯ ತುಂಡಿನ ಮೇಲೆ 'ಸುಳ್ಳು ಹೇಳುತ್ತೆ' ಎಂದು ಬರೆದು ಮೈಗೆ ಅಂಟಿಸಿ, ಬೂಟಿನ ಡಬ್ಬಕ್ಕೆ ಹಾಕುತ್ತಾರೆ. ಇನ್ನೊಂದು ಡಬ್ಬದಿಂದ ಇನ್ನೊಂದು ಕಾರ್ಡು ಹೊರಬರುತ್ತದೆ. ಅದೂ ಇಪ್ಪತ್ತೈದು ವರ್ಷ ಹಳೆಯದು.

ಈ ಕೆಲಸಕ್ಕೆ ನಸುಕೇ ಆಗಬೇಕು. ಕಟ್ಟಡದ ತಂತಿಗಳು ಕಾರ್ಡುಗಳಿಗಿಂತ ಹಳೆಯವು. ಏಳು ಗಂಟೆಗೆ ನೆರೆಹೊರೆಯವರು ಒಲೆ, ಹೀಟರು ಹಾಕಿದರೆ ಸಾಕು, ವಿದ್ಯುತ್ತು ಕುಸಿದು ಕಂಪ್ಯೂಟರ್ ಕಣ್ಣು ಮುಚ್ಚುತ್ತದೆ. ಹಾಗಾಗಿ ಐದರಿಂದ ಏಳು. ಎಂಟಕ್ಕೆ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಇರಬೇಕು. ಅಲ್ಲಿ ಅವರಿಂದ ರಾಜಧಾನಿ ಸೋಫಿಯಾಗೆ ಟಿಕೆಟ್ ಕೊಳ್ಳುವ ನೂರಾರು ಜನಕ್ಕೆ ಈ ಹೆಂಗಸು ಮುಂಜಾವದಲ್ಲಿ ಏನು ಮಾಡಿ ಬಂದಿದ್ದಾಳೆಂಬುದು ಗೊತ್ತಿಲ್ಲ.

ಹಳೆಯ ಕಂಪ್ಯೂಟರ್ ಆಟಗಳ ಮಂಜನ್ನು ಸರಿಮಾಡುವುದು ಇಸ್ಕ್ರಾ ಅವರ ಕೆಲಸ. ಕೇಳಿದರೆ ನಗು ಬರುತ್ತದೆ. ಕೆಳಮನೆಯ ತ್ಸೋನಾಗಂತೂ ಮೂರು ವರ್ಷದಿಂದ ನಗು ನಿಂತಿಲ್ಲ. ನವೆಂಬರಿನಲ್ಲಿ ಡ್ಯಾನ್ಯೂಬ್ ನದಿಯ ಮಂಜು ಬೀದಿಗೆ ಬಂದು ನಿಂತಾಗಲೆಲ್ಲ ಆಕೆ ಮೆಟ್ಟಿಲ ಮೇಲಿಂದಲೇ ಕೂಗುತ್ತಾಳೆ. "ಇಸ್ಕ್ರೋ, ಮಂಜು ಬೇಕಿದ್ರೆ ಕಿಟಕಿ ತೆಗಿಯೇ! ಹೊರಗೆ ಬಿಟ್ಟಿ ಸಿಗ್ತಿದೆ."

"ಹೊರಗಿಂದು ಹತ್ತು ಗಂಟೆಗೆ ಕರಗೋಗುತ್ತೆ ಕಣೆ," ಎನ್ನುತ್ತಾರೆ ಇಸ್ಕ್ರಾ. "ನಂದು ಕರಗಬಾರ್ದು."

ಆಟದೊಳಗಿನ ಮಂಜಿನ ಗುಟ್ಟನ್ನು ಅವರು ಹೀಗೆ ಬಿಡಿಸಿ ಹೇಳುತ್ತಾರೆ. ಆ ಕಾಲದ ಕೆಲವು ಕಾರ್ಡುಗಳು ಪರದೆಯ ಪ್ರತಿ ಚುಕ್ಕೆಗೂ ದೂರ ಅಳೆದು, ಒಂದು ಕೋಷ್ಟಕ ನೋಡಿ, ಇಷ್ಟು ದೂರಕ್ಕೆ ಇಷ್ಟು ಮಸುಕು ಎಂದು ಬಣ್ಣ ಹಾಕುತ್ತಿದ್ದವು. ಉಳಿದವು ಸೋಮಾರಿಗಳು, ಚಿತ್ರದ ಮೂಲೆಗಳಲ್ಲಿ ಮಾತ್ರ ಲೆಕ್ಕ ಹಾಕಿ ನಡುವಿನದನ್ನು ಅಂದಾಜಿನಲ್ಲಿ ಸವರಿಬಿಡುತ್ತಿದ್ದವು. ಸಣ್ಣ ಕೋಣೆಯಾದರೆ ನಡೆಯುತ್ತದೆ. ನದಿಯಂಥ ಅಗಲವಾದ ಬಯಲಿನಲ್ಲಿ ಮೂಲೆಗೂ ಮೂಲೆಗೂ ಮೈಲಿ ದೂರ. ನಡುವೆ ಎಲ್ಲವೂ ಬಟಾಬಯಲು. ಆಮೇಲೆ ಬಂದ ಕಾರ್ಡುಗಳು ಕೋಷ್ಟಕವನ್ನೇ ಕೈಬಿಟ್ಟವು. ಆಟ ಕೇಳುತ್ತದೆ, ಕಾರ್ಡು ಇಲ್ಲ ಎನ್ನುತ್ತದೆ, ಆಟ ಸದ್ದಿಲ್ಲದೆ ಮಂಜಿಲ್ಲದೆಯೇ ಶುರುವಾಗುತ್ತದೆ. ಆಡುವವನಿಗೆ ಏನು ಕಳೆದುಹೋಯಿತೆಂದು ತಿಳಿಯುವುದೂ ಇಲ್ಲ.

ಇಸ್ಕ್ರಾ ಓದಿದ್ದು ಗಣಿತ. ಊರಿನ ಕಾರ್ಖಾನೆಯೊಂದರ ಲೆಕ್ಕಯಂತ್ರ ವಿಭಾಗದಲ್ಲಿ ಹದಿನಾಲ್ಕು ವರ್ಷ ಪ್ರೋಗ್ರಾಂ ಬರೆದರು. ತೊಂಬತ್ತೇಳರಲ್ಲಿ ವಿಭಾಗ ಮುಚ್ಚಿತು. ಪರಿಹಾರವೆಂದು ಸಿಕ್ಕಿದ್ದು ಆರು ಹಳೆಯ ಕಂಪ್ಯೂಟರು. ಅವನ್ನೇ ಕಟ್ಟಡದ ನೆಲಮಾಳಿಗೆಗೆ ಇಳಿಸಿ ಆಟದ ಕ್ಲಬ್ಬು ತೆರೆದರು. ಊರಿನ ಅರ್ಧ ಹರೆಯ ಅಲ್ಲೇ ಬೆಳೆಯಿತು. ಮಾಸ್ತರರು, ಪಾದ್ರಿ, ಪೊಲೀಸು, ಎಲ್ಲರೂ ಒಂದೊಂದು ಸಲ ಬಂದು ಗದರಿಸಿಹೋದರು. "ಮಕ್ಕಳನ್ನ ಹಾಳ್ಮಾಡ್ತಿದ್ದೀಯ ಅಂದ್ರು. ಹೌದಾ, ಬೀದೀಲಿ ಇರೋದಕ್ಕಿಂತ ಇಲ್ಲೇ ಹಾಳಾಗ್ಲಿ ಬಿಡಿ, ಇಲ್ಲಿ ಬೆಚ್ಚಗಿದೆ ಅಂದೆ."

ಆ ನೆಲಮಾಳಿಗೆಯ ಹಿಂದಿನ ಎರಡು ಕಂಪ್ಯೂಟರಿನಲ್ಲಿ, ತೊಂಬತ್ತೊಂಬತ್ತರ ಚಳಿಗಾಲದಲ್ಲಿ, ಲ್ಯುಬೆನ್ ತ್ಸಾಚೆವ್ ಎಂಬ ಇಪ್ಪತ್ತಮೂರರ ಯುವಕ 'ಎಂಟು ಪೀಪಾಯಿ' ಎಂಬ ಆಟ ಮಾಡಿದ. ನೆರೆಯ ದೇಶಕ್ಕೆ ಇಂಧನ ಹೋಗದಂತೆ ದಿಗ್ಬಂಧನ ಹಾಕಿದ್ದ ವರ್ಷಗಳಲ್ಲಿ ನದಿಯ ಮೇಲೆ ಗಡಿಯಾಚೆಗೆ ಕದ್ದು ಪೆಟ್ರೋಲ್ ಸಾಗಿಸುವವರ ಆಟ. ಕೈಯಲ್ಲಿ ಬಂದೂಕಿಲ್ಲ. ದೋಣಿ, ಹುಟ್ಟು, ಎಂಟು ಪೀಪಾಯಿ, ಮಂಜು, ಅಷ್ಟೆ. ಕಿವಿಗೊಟ್ಟು ಕೇಳಬೇಕು, ಉಸಿರು ಹಿಡಿದು ಕಾಯಬೇಕು. ಆ ವರ್ಷಗಳಲ್ಲಿ ಯಾರು ಏನು ಸಾಗಿಸಿದರೆಂದು ವಿದಿನ್‌ನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಆದರೆ ಆ ಆಟವನ್ನು ಎಲ್ಲರೂ ಆಡಿದರು. ಮನೆಮನೆಗೆ ಇಂಟರ್‌ನೆಟ್ ಬಂದ ಮೇಲೆ ಕ್ಲಬ್ಬು ಮುಚ್ಚಿತು. ಲ್ಯುಬೆನ್ ಸ್ಪೇನಿಗೆ ಹೋಗಿ ಲಾರಿ ಓಡಿಸತೊಡಗಿದ.

ಮೂರು ವರ್ಷದ ಹಿಂದೆ ಹಳೆಯ ಆಟಗಳನ್ನು ಮತ್ತೆ ಮಾರುವ ಕಂಪನಿಯೊಂದು ಲ್ಯುಬೆನ್‌ನಿಂದ ಹಕ್ಕು ಕೊಂಡು 'ಎಂಟು ಪೀಪಾಯಿ'ಯನ್ನು ಅಂಗಡಿಗಿಟ್ಟಿತು. ಇಸ್ಕ್ರಾ ಮೊದಲ ದಿನವೇ ತರಿಸಿಕೊಂಡು ಆಡಿದರು. ಮಂಜೇ ಇಲ್ಲ! ನದಿ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿದೆ. ಗಸ್ತಿನ ದೋಣಿ ಮೈಲಿ ದೂರದಿಂದಲೇ ಕಾಣುತ್ತದೆ. ಆದರೆ ಆಟದ ಒಳಲೆಕ್ಕದಲ್ಲಿ ಮಂಜು ಇನ್ನೂ ಇದೆಯಾದ್ದರಿಂದ ಗಸ್ತಿನವರಿಗೆ ನೀವು ಕಾಣುವುದಿಲ್ಲ. ಆಡಿದವರು ಬಿದ್ದುಬಿದ್ದು ನಕ್ಕರು. 'ಕುರುಡು ಪೊಲೀಸರ ನದಿ' ಎಂದು ಬರೆದರು. ಇದನ್ನು ಮಾಡಿದವನಿಗೆ ನದಿ ನೋಡಿ ಗೊತ್ತಿಲ್ಲ ಎಂದು ಇನ್ನೊಬ್ಬ ಬರೆದ. ಇಸ್ಕ್ರಾಗೆ ಊಟ ಸೇರಲಿಲ್ಲ.

ಕಂಪನಿಗೆ ಕಾಗದ ಬರೆದರು. ಉತ್ತರ ಬಂತು: ಮಂಜು ಎಂಬುದು ಆ ಕಾಲದ ಕಾರ್ಡುಗಳ ದೌರ್ಬಲ್ಯ ಮುಚ್ಚಲು ಹೂಡಿದ ಉಪಾಯವಷ್ಟೆ, ಈಗಿನ ಗಿರಾಕಿಗಳಿಗೆ ನಿಚ್ಚಳವಾಗಿ ಕಾಣಬೇಕು.

"ದೌರ್ಬಲ್ಯ ಅಂತೆ!" ಮೂರು ವರ್ಷದ ಮೇಲೂ ಇಸ್ಕ್ರಾ ಅವರ ಮೂಗಿನ ಹೊಳ್ಳೆ ಅರಳುತ್ತದೆ. "ಸೂಪಿನಿಂದ ಉಪ್ಪು ತೆಗೆದು, ಈಗ ನೀರು ಚೆನ್ನಾಗಿ ಕಾಣ್ಸುತ್ತೆ ಕುಡೀರಿ ಅಂದ್ರೆ ಕುಡೀತೀರಾ? ಅವತ್ತೇ ಅಂದ್ಕೊಂಡೆ. ನೋಡೇಬಿಡೋಣ."

ನೋಡಲು ಹದಿನಾಲ್ಕು ತಿಂಗಳು ಹಿಡಿಯಿತು. ಆಟಕ್ಕೂ ಕಾರ್ಡಿಗೂ ನಡುವೆ ಕೂರುವ ಪುಟ್ಟ ಪ್ರೋಗ್ರಾಮೊಂದನ್ನು ಅವರು ಬರೆಯತೊಡಗಿದರು. ಮಂಜು ಬರುತ್ತಾ ಎಂದು ಆಟ ಕೇಳಿದಾಗ ಕಾರ್ಡಿನ ಪರವಾಗಿ ಇದು ಹೌದೆನ್ನುತ್ತದೆ, ಆಮೇಲೆ ಕೊಟ್ಟ ಮಾತನ್ನು ತಾನೇ ನಡೆಸುತ್ತದೆ. ನದಿಯನ್ನು ನಾಲ್ಕು ಸಾವಿರದ ತೊಂಬತ್ತಾರು ತುಂಡು ಮಾಡಿ, ತುಂಡುತುಂಡಿಗೂ ಕೋಷ್ಟಕದಿಂದ ಮಸುಕು ಲೆಕ್ಕ ಹಾಕಿ ಕೊಟ್ಟರೆ ಸೋಮಾರಿ ಕಾರ್ಡೂ ಮಂಜು ಹಾಕಲೇಬೇಕು. ಹಾಕಿತು. ಆದರೆ ಆಟ ಆಮೆಯಾಯಿತು. ದೂರದ ತುಂಡುಗಳನ್ನು ದೊಡ್ಡದಾಗಿಸಿದರು, ಹತ್ತಿರದವನ್ನು ಸಣ್ಣದಾಗಿಸಿದರು. ವೇಗ ಬಂತು. ಆದರೂ ಮಂಜು ಮಂಜಿನಂತಿರಲಿಲ್ಲ.

ಗಂಡ ಕ್ರೂಮ್ ಮೂವತ್ತು ವರ್ಷ ಡ್ಯಾನ್ಯೂಬಿನಲ್ಲಿ ಸರಕು ದೋಣಿಗಳನ್ನು ಎಳೆಯುವ ಟಗ್ಗಿನಲ್ಲಿ ದುಡಿದವರು. ಕಂಪ್ಯೂಟರ್ ಎಂದರೆ ಅಷ್ಟಕ್ಕಷ್ಟೆ. ಒಂದು ಬೆಳಗ್ಗೆ ನೀರು ಕುಡಿಯಲು ಎದ್ದು ಬಂದು ಹೆಂಡತಿಯ ಬೆನ್ನ ಹಿಂದೆ ನಿಂತರು.

"ಏನೇ ಇದು, ಗೋಡೆನಾ?"

"ಗೋಡೆ ಅಲ್ಲ, ಮಂಜು. ಕಣ್ಣು ಕಾಣಲ್ವ?"

"ಮಂಜು ಹಿಂಗಿರಲ್ಲ ಇಸ್ಕ್ರೋ. ಇದು ಒಂದೇ ಕಡೆ ನಿಂತು, ಇಲ್ಲಿಂದಾಚೆಗೆ ಬರ್ಬೇಡ ಅಂತಿದೆ. ನದೀಲಿ ನಿನ್ನ ದೋಣಿಯ ಮೂತಿ ಚೂರು ಮಸುಕು, ಹತ್ತು ಮಾರು ಆಚೆ ಇನ್ನು ಚೂರು, ಆಮೇಲೆ ಇದ್ದಕ್ಕಿದ್ದಂಗೆ ಏನೂ ಇಲ್ಲ. ನೀ ಮುಂದೆ ಹೋದಂಗೆ ಅದೂ ಹಿಂದಕ್ಕೆ ಸರೀತದೆ. ಕಾಣಲ್ಲ ಅಂತಾನೂ ಅನ್ಸಲ್ಲ. ಕಂಡಂಗೇ ಇರ್ತದೆ. ಅದಕ್ಕೇ ಜನ ಸಾಯೋದು."

ತಪ್ಪು ಇದ್ದದ್ದು ದೂರ ಅಳೆಯುವ ರೀತಿಯಲ್ಲೇ. ಕಾರ್ಡು ಇಟ್ಟುಕೊಳ್ಳುವ ದೂರದ ಲೆಕ್ಕ ನಿಜವಾದ ದೂರವಲ್ಲ. ಹತ್ತಿರದಲ್ಲಿ ಹಿಗ್ಗಿ, ದೂರದಲ್ಲಿ ಕುಗ್ಗಿದ ಲೆಕ್ಕ. ಅದನ್ನು ಬಿಚ್ಚಿ ನಿಜದ ದೂರಕ್ಕೆ ತಿರುಗಿಸಿದ ದಿನ ಕ್ರೂಮ್ ಕುರ್ಚಿ ಎಳೆದು ಕೂತು ಪೂರ್ತಿ ಹತ್ತು ನಿಮಿಷ ಪರದೆ ನೋಡಿದರು. ಆಮೇಲೆ, "ಹುಂ. ಇದರಲ್ಲಿ ನಾನು ಟಗ್ಗು ಬಿಡ್ತಿರ್ಲಿಲ್ಲ," ಎಂದರು. ಇಸ್ಕ್ರಾ ಪಾಲಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೂ ಬಂದಿಲ್ಲ.

ಕಳೆದ ವಸಂತದಲ್ಲಿ ಪ್ಲೊವ್‌ದಿವ್ ನಗರದಲ್ಲಿ ಹಳೆಯ ಕಂಪ್ಯೂಟರ್ ಪ್ರಿಯರ ಮೇಳ ನಡೆಯಿತು. ಇಸ್ಕ್ರಾ ತಮ್ಮ ಕಂಪ್ಯೂಟರನ್ನು ರಜಾಯಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬೆಲ್ಟು ಬಿಗಿದು ಕೂರಿಸಿಕೊಂಡು ಹೋದರು. ಕಂಪನಿಯ ಮಳಿಗೆಯಲ್ಲಿ ಅದೇ ಆಟದ ಹೊಳೆಯುವ ನದಿ. ಎದುರು ಮೇಜಿನಲ್ಲಿ ಇವರ ನದಿ. ಕಂಪನಿಯ ಪರವಾಗಿ ಬಂದಿದ್ದ ರಾಡೊಸ್ಲಾವ್ ಎಂಬ ಮೂವತ್ತರ ಆಸುಪಾಸಿನ ಅಧಿಕಾರಿ ನಗುನಗುತ್ತ ಹತ್ತಿರ ಬಂದ.

"ಲೆಲ್ಯಾ ಇಸ್ಕ್ರಾ, ಹಳೇ ನೆನಪು ಯಾವಾಗ್ಲೂ ಸಿಹಿಯಾಗಿರುತ್ತೆ. ನಿಜ ಹೇಳ್ಬೇಕು ಅಂದ್ರೆ ಆವಾಗ್ಲೂ ಅಷ್ಟು ಚೆನ್ನಾಗೇನಿರ್ಲಿಲ್ಲ."

"ನಾನು ನಿಮ್ಮ ಅತ್ತೆನೂ ಅಲ್ಲ, ಚಿಕ್ಕಮ್ಮನೂ ಅಲ್ಲ. ಶ್ರೀಮತಿ ಕುರ್ತೇವಾ ಅನ್ನಿ. ನೆನಪು ಸಿಹಿಯೋ ಕಹಿಯೋ ಅದು ನನಗಿರ್ಲಿ. ನೀವು ಕೂತು ಆಡಿ."

ಅವನಿಗೆ ಬೇರೆ ಕೆಲಸವಿತ್ತಂತೆ. ಆ ಕುರ್ಚಿಯಲ್ಲಿ ಕೂತದ್ದು ದಾರಿಹೋಕನಾಗಿ ಒಳಬಂದಿದ್ದ ಟ್ಯಾಕ್ಸಿ ಚಾಲಕನೊಬ್ಬ. ಹುಟ್ಟು ಹಾಕುತ್ತ ನದಿಯ ನಡುವೆ ಬಂದ. ಎಂಜಿನ್ ಸದ್ದು ಕೇಳಿತು. ಕೈ ನಿಲ್ಲಿಸಿದ. ಸದ್ದು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ತೀರ ಹತ್ತಿರವಾಯಿತು. ಸುತ್ತ ನಿಂತ ಇಪ್ಪತ್ತು ಮೂವತ್ತು ಜನ ಪರದೆಯತ್ತ ಬಗ್ಗಿದರು. ಬೂದು ನೆರಳೊಂದು ದೋಣಿಯ ಪಕ್ಕದಲ್ಲೇ ತೇಲಿಹೋಯಿತು. ಚಾಲಕ ಕುರ್ಚಿಗೊರಗಿ, "ಅಬ್ಬಾ, ನನ್ನ ತಾಯೇ!" ಎಂದು ಬೆವರು ಒರೆಸಿಕೊಂಡ. ಎದುರು ಮಳಿಗೆಯಲ್ಲಿ ಆಗ ಯಾರೂ ನಗಲಿಲ್ಲ.

ಸಂಜೆ ರಾಡೊಸ್ಲಾವ್ ತಾನಾಗಿ ಬಂದ. ಪ್ರೋಗ್ರಾಂ ಕೊಟ್ಟುಬಿಡಿ, ಆಟದಲ್ಲಿ ಸೇರಿಸುತ್ತೇವೆ ಎಂದ. ಆದರೆ ಆಟ ಶುರುವಾದಾಗ ಮಂಜು ಇರುವುದಿಲ್ಲ, ಬೇಕಾದವರು ಹುಡುಕಿ ಹಾಕಿಕೊಳ್ಳಲಿ. ಮತ್ತೆ, ನೀವು ಇದನ್ನು ಇನ್ನಾರಿಗೂ ಹಂಚುವಂತಿಲ್ಲ. ಇಸ್ಕ್ರಾ ತಂತಿ ಸುತ್ತುತ್ತಲೇ ಉತ್ತರಿಸಿದರು. "ಹುಡುಕಿ ಹಾಕ್ಕೊಳ್ಳೋಕೆ ಅದೇನು ಕಳೆದ್ಹೋದ ಗುಂಡೀನಾ? ಆಗಲ್ಲ."

ಮರುವಾರವೇ ಪ್ರೋಗ್ರಾಮನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಅನುಮತಿಯಿಲ್ಲದೆ ತಮ್ಮ ಆಟವನ್ನು ಬದಲಿಸಿದ್ದೀರೆಂದು ಕಂಪನಿಯ ವಕೀಲರ ಪತ್ರ ಬಂತು. ಇಸ್ಕ್ರಾ ಎರಡು ಸಾಲು ಬರೆದು ಕಳಿಸಿದರು: 'ನಿಮ್ಮ ಆಟವನ್ನು ನಾನು ಮುಟ್ಟಿಲ್ಲ. ನೀವು ಬೀಳಿಸಿದ್ದನ್ನು ಎತ್ತಿಟ್ಟಿದ್ದೇನೆ.'

ಹೆದರಿಕೆಯಾಗಲಿಲ್ಲವೇ ಎಂದರೆ, "ಆಯ್ತು," ಎಂದು ಒಪ್ಪಿಕೊಳ್ಳುತ್ತಾರೆ. "ಎರಡು ವಾರ ಟಪಾಲಿನವನನ್ನ ಕಂಡ್ರೆ ಬಾಗಿಲು ಹಾಕ್ಕೊಂಡ್ಬಿಡ್ತಿದ್ದೆ. ಆದ್ರೆ ಹೆದರಿದ್ದಕ್ಕೆ ಬಗ್ಗಬೇಕು ಅಂತೇನಿಲ್ವಲ್ಲ."

ಅಷ್ಟರಲ್ಲಿ ಸ್ಪೇನಿನಿಂದ ಲ್ಯುಬೆನ್ ಬಹಿರಂಗವಾಗಿ ಒಂದು ಪತ್ರ ಬರೆದ. ಈಗ ಅವನಿಗೂ ತಲೆ ನರೆತಿದೆ. ತೊಂಬತ್ತನಾಲ್ಕರ ನವೆಂಬರಿನ ಒಂದು ಬೆಳಗ್ಗೆ ತನ್ನ ತಂದೆ ಎಂಟು ಪೀಪಾಯಿಯೊಂದಿಗೆ ನದಿಯಲ್ಲಿದ್ದಾಗ ಗಸ್ತಿನ ದೋಣಿ ಎರಡು ಹುಟ್ಟಿನಷ್ಟು ದೂರದಲ್ಲಿ ಹಾದುಹೋಯಿತೆಂದೂ, ಮಂಜು ಇದ್ದುದರಿಂದಲೇ ತಂದೆ ಮನೆಗೆ ಬಂದನೆಂದೂ ಅದರಲ್ಲಿತ್ತು. 'ನಾನು ಮೊದಲು ಮಾಡಿದ್ದು ಮಂಜು. ದೋಣಿ ಆಮೇಲೆ. ಹಕ್ಕು ಮಾರಿದೆ, ನಿಜ. ಇಸ್ಕ್ರಾ ಹೇಳುತ್ತಿರುವುದೂ ನಿಜ.' ವಕೀಲರ ಎರಡನೆಯ ಪತ್ರ ಬರಲಿಲ್ಲ. ಕಂಪನಿಯ ಅಂಗಡಿಯಲ್ಲಿ ಈಗ ಸಣ್ಣ ಅಕ್ಷರದ ಸಾಲೊಂದಿದೆ: ಮಂಜು ಬೇಕಾದವರು ಹೊರಗಿನಿಂದ ತಂದು ಹಾಕಿಕೊಳ್ಳಬಹುದು. ಇಸ್ಕ್ರಾ ಹೆಸರಿಲ್ಲ. "ಬೇಡ ಬಿಡಿ. ದಾರಿ ತೋರ್ಸಿದ್ರಲ್ಲ, ಸಾಕು."

ಇಲ್ಲಿವರೆಗೆ ಅದನ್ನು ಇಳಿಸಿಕೊಂಡವರು ಆರು ಸಾವಿರಕ್ಕೂ ಹೆಚ್ಚು. ಇಸ್ಕ್ರಾ ಈಗ ಎಂಬತ್ತಮೂರು ಆಟಗಳಿಗೆ ಮಂಜು ಮರಳಿಸಿದ್ದಾರೆ. ಬೂಟಿನ ಡಬ್ಬಗಳಲ್ಲಿ ಮೂವತ್ತೇಳು ಕಾರ್ಡುಗಳಿವೆ, ಹತ್ತೊಂಬತ್ತಕ್ಕೆ ಜೀವವಿದೆ. ದಿನಕ್ಕೆ ಹನ್ನೆರಡೋ ಹದಿನೈದೋ ಪತ್ರ ಬರುತ್ತವೆ: ನಮ್ಮ ಆಟದ ಕಾಡಿನಲ್ಲಿ ಹೊಗೆ ಕಾಣುತ್ತಿಲ್ಲ, ಗುಡ್ಡ ಬರಿದಾಗಿದೆ, ನನ್ನ ಕಾರ್ಡು ತೀರ ಹಳೆಯದು, ಎಸೆಯಲೇ? ಕೊನೆಯ ಪ್ರಶ್ನೆಗೆ ಅವರ ಉತ್ತರ ಯಾವಾಗಲೂ ಒಂದೇ. "ಎಸೀಬೇಡಿ, ನನಗೆ ಕಳ್ಸಿ."

ಏಳು ಗಂಟೆಯಾಗುತ್ತಿದೆ. ಕೆಳಗೆಲ್ಲೋ ಒಲೆ ಹೊತ್ತಿರಬೇಕು, ತಲೆಯ ಮೇಲಿನ ದೀಪ ಒಮ್ಮೆ ಮಂಕಾಗಿ ಚೇತರಿಸಿಕೊಳ್ಳುತ್ತದೆ. ಇಸ್ಕ್ರಾ ಅವಸರದಲ್ಲಿ ಕಂಪ್ಯೂಟರ್ ಆರಿಸಿ ಶಾಲು ಮಡಚುತ್ತಾರೆ. ಇನ್ನೇನಾದರೂ ಆಸೆ ಉಳಿದಿದೆಯೇ ಎಂಬ ಮಾತಿಗೆ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಲೇ ಉತ್ತರಿಸುತ್ತಾರೆ.

"ದೊಡ್ಡದೇನಿಲ್ಲ. ಆ ರಾಡೊಸ್ಲಾವ್ ಒಂದ್ಸಲ ಇಲ್ಲಿಗೆ ಬರ್ಲಿ. ಈ ಕುರ್ಚೀಲಿ ಕೂತು ಆಡ್ಲಿ, ಗಸ್ತಿನೋರು ಎಲ್ಲಿಂದ ಬಂದ್ರು ಅಂತ ಗೊತ್ತಾಗ್ದೆ ಮೂರು ಸಲ ಸೋಲ್ಲಿ. ನಾಲ್ಕನೇ ಸಲ ಅವನೇ, ಇನ್ನೊಂದಾಟ ಆಡ್ಲಾ ಅಂತ ಕೇಳ್ತಾನಲ್ಲ, ಆವಾಗ ಬಿಸಿ ಬನಿತ್ಸಾ ಪದರರೊಟ್ಟಿ ಮಾಡಿ ಹಾಕ್ತೀನಿ. ಚೀಸು ಜಾಸ್ತಿನೇ ಹಾಕ್ತೀನಿ."