ಲಾಭದಿಂದ ಎಣಿಸುತ್ತಿದ್ದ ಮೇಡಂ

ಗೌರಮ್ಮ ಮೇಡಂ ಬಾಯಿಂದ ‘ಒಂದು’ ಎಂಬ ಮಾತು ಬಂದದ್ದನ್ನು ನಾನು ಕೇಳಿದ್ದೇ ಕಡಿಮೆ. ಸಿರುಗುಪ್ಪದ ಭತ್ತದ ವ್ಯಾಪಾರಿಗಳ ಮನೆಯವರು. ಕಾಳು ಅಳೆಯುವಾಗ ಮೊದಲ ಸೇರನ್ನು ಒಂದು ಅನ್ನದೆ ‘ಲಾಭ’ ಅನ್ನುವ ರೂಢಿ ಅವರನ್ನು ಬಿಟ್ಟಿರಲಿಲ್ಲ. ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರೂ ಹುಡುಗರ ತಲೆ ಎಣಿಸುವಾಗ, ಚಹಾಕ್ಕೆ ಸಕ್ಕರೆ ಹಾಕುವಾಗ “ಲಾಭ, ಎರಡು, ಮೂರು” ಎಂದೇ ಶುರು. ಮೊದಲ ಬೆಂಚಿನ ತುದಿಗೆ ಕೂರುತ್ತಿದ್ದ ನನಗೆ ಗೆಳೆಯರು ಲಾಭ ಎಂದೇ ಹೆಸರಿಟ್ಟಿದ್ದರು.

ಅದು ಎಂಬತ್ತರ ದಶಕದ ಕೊನೆ. ಕಾಲೇಜಿಗಿದ್ದದ್ದು ಒಂದೇ ಕಂಪ್ಯೂಟರ್. ಅದನ್ನು ಆಫೀಸಿಗೆ ಒಯ್ಯಬೇಕೆಂದು ಪ್ರಿನ್ಸಿಪಾಲರ ಹಟ. ಅಂತರ ಕಾಲೇಜು ಸ್ಪರ್ಧೆಯಲ್ಲಿ ಬಹುಮಾನ ತಂದರೆ ಹುಡುಗರಿಗೇ ಬಿಡುತ್ತೇನೆ ಎಂದರು. ಮೇಡಂ ಒಪ್ಪಿಕೊಂಡು ಬಂದು ನಮ್ಮ ಬೆನ್ನು ಹತ್ತಿದರು.

ಬಸ್ಸಿಗೆ ಹತ್ತಿರದ ದಾರಿ ಹುಡುಕುವ ಪ್ರೋಗ್ರಾಂ ನಮ್ಮದು. ದಾರಿಯ ಲೆಕ್ಕವನ್ನು ನಾನು ಫೋರ್ಟ್ರಾನ್ ಭಾಷೆಯಲ್ಲಿ ಬರೆದೆ, ಊರಿನ ಹೆಸರು ತೋರಿಸುವ ಭಾಗವನ್ನು ಗೆಳೆಯ ಖಾದರ್ ಸಿ ಭಾಷೆಯಲ್ಲಿ ಬರೆದ. ಎರಡನ್ನೂ ಜೋಡಿಸಿ ಓಡಿಸಿದರೆ ಬಸ್ಸು ಬಳ್ಳಾರಿಯನ್ನೇ ಬಿಟ್ಟು ಕುರುಗೋಡಿನಿಂದ ಹೊರಟಿತು! ಕೊನೆಯ ಊರಾದ ಸಿರುಗುಪ್ಪದಲ್ಲಿ ನಿಲ್ಲದೆ, ಹೆಸರು ಓದಲಾಗದ ಯಾವುದೋ ಊರಿಗೆ ಹೋಗಿ ನಿಂತಿತು.

ಫೋರ್ಟ್ರಾನ್ ಒಂದರಿಂದ ಎಣಿಸುತ್ತದೆ, ಸಿ ಸೊನ್ನೆಯಿಂದ. ಬಳ್ಳಾರಿಗೆಂದು ನಾನು ಕಳಿಸಿದ ‘ಒಂದು’ ಖಾದರನ ಕಡೆ ಎರಡನೆಯ ಊರಾದ ಕುರುಗೋಡಾಗಿತ್ತು, ಕೊನೆಯ ಊರು ಅವನ ಪಟ್ಟಿಯ ಆಚೆಗೇ ಬಿದ್ದಿತ್ತು. ತಪ್ಪು ನಿನ್ನದು, ನಿನ್ನದು ಎಂದು ಇಬ್ಬರೂ ಜಗಳಕ್ಕೆ ನಿಂತೆವು.

ಮೇಡಂ ನಡುವೆ ಬಂದರು. “ನಿಂದು ಒಂದೂ ಬ್ಯಾಡ, ಅವಂದು ಸೊನ್ನಿನೂ ಬ್ಯಾಡ. ಇಬ್ರೂ ಮೊದಲ್ನೇದಕ್ಕ ಲಾಭ ಅನ್ರಲೇ. ಲಾಭದಿಂದ ಎಷ್ಟು ಮುಂದ ಐತಿ ಅಂತ ಅಷ್ಟ ಹೇಳ್ಕೊಳ್ರಿ. ಜಗಳ ಹರೀತೈತಿ.”

ಹಾಗೇ ಬರೆದೆವು. ಲಾಭ ಎಂದರೆ ನನ್ನ ಕಡೆ ಒಂದು, ಅವನ ಕಡೆ ಸೊನ್ನೆ. ಬಸ್ಸು ತೆಪ್ಪಗೆ ಬಳ್ಳಾರಿಯಿಂದ ಹೊರಟಿತು.

ಸ್ಪರ್ಧೆಯಲ್ಲಿ ನಮ್ಮ ಪ್ರೋಗ್ರಾಂ ಓದುತ್ತಿದ್ದ ಪರೀಕ್ಷಕರು ಕನ್ನಡಕ ಏರಿಸಿ, “ಬಸ್ಸಿನ ದಾರಿಯಲ್ಲಿ ಲಾಭ ಎಲ್ಲಿಂದ ಬಂತು?” ಎಂದು ಕೇಳಿದರು.

“ನಮ್ಮ ಸಿರಗುಪ್ಪದಿಂದ್ರಿ!” ಎಂದರು ಮೇಡಂ.

ಎರಡನೇ ಬಹುಮಾನ ಬಂತು, ಕಂಪ್ಯೂಟರ್ ಉಳಿಯಿತು. ಮರುದಿನ ಮೇಡಂ ಅದರ ಪರದೆಯನ್ನು ಸೆರಗಿನಿಂದ ಒರೆಸುತ್ತಿದ್ದುದನ್ನು ನೋಡಿ ನನಗೆ ಬಹುಮಾನಕ್ಕಿಂತ ಹೆಚ್ಚು ಖುಷಿಯಾಯಿತು.

ಹೋದ ವರ್ಷ ಮೇಡಂ ತೀರಿಕೊಂಡರು. ಬಳ್ಳಾರಿಯ ಗಾಂಧಿನಗರದ ಅವರ ಮನೆಗೆ ಹೋದಾಗ ಮಗಳು ಚಹಾ ತಂದು, “ಸಕ್ಕರಿ ಎಷ್ಟು ಹಾಕ್ಲಿ ಅಣ್ಣಾ?” ಎಂದಳು.

“ಲಾಭ ಸಾಕು ತಂಗಿ,” ಎಂದುಬಿಟ್ಟೆ.

ಚಮಚ ಅವಳ ಕೈಯಲ್ಲೇ ನಿಂತಿತು. “ಈ ಮನ್ಯಾಗ ಈಗ ಎಲ್ಲಾರೂ ಒಂದು ಅಂತಾರಣ್ಣ,” ಎಂದಳು.