ಬೀಗರ ಊಟದಲ್ಲಿ ಇಂಡಿಯಾ ತಂಡ

ಕಟ್ಟಾಯದ ಪರಮೇಶ್ ಇಂಡಿಯಾ ಪರವಾಗಿ ರಗ್ಬಿ ಆಡಿದ್ದಾನೆ ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ. ಆದರೆ ನನ್ನ ಮಾತನ್ನು ನಮ್ಮ ಮನೆಯಲ್ಲೇ ಯಾರೂ ನಂಬದ ಕಾರಣ ಅವನಿಗೆ ಅದರಿಂದ ಏನೂ ಪ್ರಯೋಜನವಾಗಿಲ್ಲ.

ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಬೆಂಚಿನ ಮುಕ್ಕಾಲು ಪಾಲು ಅವನದು. ಆ ಮೈಕಟ್ಟು ನೋಡಿಯೇ ಮಿಲಿಟರಿಯವರು ಸೇರಿಸಿಕೊಂಡರು, ಸೇರಿಸಿಕೊಂಡು ರಗ್ಬಿಗೆ ಹಾಕಿದರು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವ ಆಟ ಅದು. ಪರಮೇಶ್ ಓಡುವವನಲ್ಲ. ಎರಡೂ ಕಡೆಯವರು ಹೆಗಲಿಗೆ ಹೆಗಲು ಬಿಗಿದು, ತಲೆ ತಗ್ಗಿಸಿ, ಕೋಣಗಳ ಹಾಗೆ ಎದುರುಬದುರು ತಳ್ಳಾಡುತ್ತಾರಲ್ಲ, ಸ್ಕ್ರಮ್ ಅಂತ, ಅದರ ಮುಂದಿನ ಸಾಲಿನಲ್ಲಿ ಎಡಗಡೆಯ ಕಂಬ ಅವನು.

ನಮ್ಮ ರಾಷ್ಟ್ರೀಯ ತಂಡದ ಚರಿತ್ರೆಯನ್ನು ಅವನು ಮಿಲಿಟರಿ ಬಿಟ್ಟು ಬಂದು ಊರಲ್ಲಿ ಆಲೂಗೆಡ್ಡೆ ಬಿತ್ತುವಾಗಲೂ ಹೇಳುತ್ತಾನೆ. ಬ್ರಿಟಿಷರ ಕಾಲದಿಂದ ಆಟ ಇಲ್ಲಿದ್ದರೂ ತಂಡ ಹೊರದೇಶದವರ ಎದುರು ಇಳಿದದ್ದು ತೊಂಬತ್ತರ ದಶಕದ ಕೊನೆಗೆ. ವಿಶ್ವಕಪ್ಪಿನ ಅಂಗಳಕ್ಕೆ ಇನ್ನೂ ಕಾಲಿಟ್ಟಿಲ್ಲ. ಏಷ್ಯಾದ ಕೆಳಗಿನ ವಿಭಾಗಗಳಲ್ಲೇ ಹತ್ತುವುದು, ಇಳಿಯುವುದು. ಪರಮೇಶ್ ಆಡಿದ್ದು ಕೆಳಗಿಳಿದ ವರ್ಷ. ಇರುವ ಒಂದೇ ಫೋಟೋದಲ್ಲಿ ಅವನ ತಲೆ ಸ್ಕ್ರಮ್ಮಿನೊಳಗೆ ಹುದುಗಿದೆ. ಕ್ಯಾಮೆರಾಕ್ಕೆ ಸಿಕ್ಕಿದ್ದು ಹಿಂಭಾಗ ಮಾತ್ರ.

ಅವನ ಹೆಂಡತಿ ಪ್ರೇಮಕುಮಾರಿಯ ಅಣ್ಣ, ಚನ್ನರಾಯಪಟ್ಟಣದ ರಂಗಸ್ವಾಮಿ, ಆ ಫೋಟೋ ತಿರುಗಿಸಿ ತಿರುಗಿಸಿ ನೋಡಿ, "ಇದು ನೀನೇ ಅಂತ ಯಾವ ಗುರ್ತಿನ ಮ್ಯಾಲೆ ಏಳ್ಲಿ ಕಣಪ್ಪಾ?" ಅಂದಿದ್ದರು. ಅಂದಿನಿಂದ ನೆಂಟರಿಗೆಲ್ಲ ಅವನನ್ನು ಪರಿಚಯಿಸುತ್ತಿದ್ದದ್ದು, ಮಿಲಿಟರಿಯಲ್ಲಿ ಏನೋ ಒಂದು ಕೆಲಸದಲ್ಲಿದ್ದ ಅಂತ. ಪರಮೇಶನಿಗೆ ಊರವರ ಚಿಂತೆಯಿರಲಿಲ್ಲ. ಬಾವನ ಬಾಯಲ್ಲಿ, ನಾಲ್ಕು ಜನರ ಮುಂದೆ, ಇಂಡಿಯಾ ಅನ್ನುವ ಶಬ್ದ ಒಂದು ಸಲ ಬರಬೇಕಿತ್ತು, ಅಷ್ಟೇ.

ಹೋದ ವರ್ಷ ರಂಗಸ್ವಾಮಿಯವರ ಮಗಳು ಭವ್ಯಶ್ರೀಯನ್ನು ಅರಕಲಗೂಡಿನ ಕಡೆಗೆ ಕೊಟ್ಟರು. ಚನ್ನರಾಯಪಟ್ಟಣದ ಛತ್ರದಲ್ಲಿ ಬೀಗರ ಊಟ. ನಮ್ಮ ಕಡೆ ಬೀಗರ ಊಟಕ್ಕೆ ಕರೆಯದಿದ್ದರೂ ಬರುತ್ತಾರೆ, ಕರೆದರೆ ಬೇಗ ಬರುತ್ತಾರೆ. ಮುದ್ದೆ, ಮಟನ್ ಸಾರಿನ ವಾಸನೆ ಬಿ.ಎಂ. ರಸ್ತೆಯವರೆಗೂ ಹೋಗಿತ್ತು. ಮೊದಲ ಪಂಕ್ತಿಯಲ್ಲಿ ಬೀಗರೇ ಕೂರಬೇಕು. ಅದು ತಪ್ಪಿದರೆ ಹೆಣ್ಣಿನ ಕಡೆಯವರ ಮಾನ ಹೋಯಿತು.

ಬೀಗರ ಬಸ್ಸು ಬಂದರೆ ಅವರನ್ನು ಹಿಂದಿನ ಅಡುಗೆಮನೆ ಬಾಗಿಲಿನಿಂದ ಒಳಗೆ ಕರೆತಂದು ಕೂರಿಸುವುದು, ಅಲ್ಲಿಯವರೆಗೆ ಮುಂಬಾಗಿಲಲ್ಲಿ ಊರವರನ್ನು ತಡೆಯುವುದು ಅಂತ ರಂಗಸ್ವಾಮಿ ಏರ್ಪಾಡು ಮಾಡಿದರು. ತಡೆಯುವ ಕೆಲಸ ಪರಮೇಶನದು. ಅವನು ನನ್ನನ್ನು ನಡುವೆ ನಿಲ್ಲಿಸಿ, ಆ ಕಡೆಗೆ ರಂಗಸ್ವಾಮಿಯ ತಮ್ಮ ಕುಮಾರನನ್ನು ಸೇರಿಸಿ, ಹೆಗಲು ಬಿಗಿದು ಬಗ್ಗಿಸಿದ. ತಲೆ ಎತ್ತಬಾರದಂತೆ. ಎತ್ತಿದರೆ ಕುತ್ತಿಗೆ ಹೋಗುತ್ತದಂತೆ.

ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಜನ ಬಿದ್ದರು. ನನ್ನ ಕಾಲು ನೆಲ ಬಿಟ್ಟಿತು. ನನ್ನ ಹೊಟ್ಟೆ ಜೀವಮಾನದಲ್ಲಿ ಮೊದಲ ಬಾರಿಗೆ ದೇಶದ ಕೆಲಸಕ್ಕೆ ಬಂತು. ಕುಮಾರ ಆಗಲೇ ಜಾರಿ ಹೋಗಿದ್ದ. ನಮಗೆ ಕಂಡದ್ದು ಎದುರಿನವರ ಚಪ್ಪಲಿಗಳು ಮಾತ್ರ, ಚಪ್ಪಲಿ ನೋಡಿ ನೆಂಟಸ್ತಿಕೆ ಗೊತ್ತಾಗುವುದಿಲ್ಲ. ಅವರು ತಳ್ಳಿದರು, ಪರಮೇಶ ಕದಲಲಿಲ್ಲ. ಹಿಂದಿನಿಂದ ರಂಗಸ್ವಾಮಿ ಕಿರುಚುತ್ತಿದ್ದದ್ದು ಕೇಳಿಸಿತು.

"ಬಿಡ್ಲಾ ಪರಮೇಶ. ಅವ್ರೇ ಬೀಗ್ರು ಕಣ್ಲಾ."

ಆದದ್ದಿಷ್ಟು. ಬೀಗರ ಬಸ್ಸಿನ ಡ್ರೈವರು ಹಿಂದಕ್ಕೆ ಹೋಗದೆ ಮುಂಬಾಗಿಲಲ್ಲೇ ಇಳಿಸಿದ್ದ. ತೆರೆದಿಟ್ಟಿದ್ದ ಅಡುಗೆಮನೆ ಬಾಗಿಲಿಂದ ಊರವರು ನುಗ್ಗಿ, ಮೊದಲ ಪಂಕ್ತಿಯಲ್ಲಿ ಎಲೆಗೆ ನೀರು ಚಿಮುಕಿಸಿ ಕೂತಿದ್ದರು. ನಾವು ಒಂದು ಬಸ್ಸು ಬೀಗರನ್ನು ಹೊರಗೆ ತಡೆದಿದ್ದೆವು.

ಗಂಡಿನ ತಂದೆ ಚಿಕ್ಕೇಗೌಡರು ಗುಂಡಿ ಕಿತ್ತ ಅಂಗಿಯಲ್ಲಿ, ಒಂದೇ ಚಪ್ಪಲಿಯಲ್ಲಿ ಮುಂದೆ ಬಂದರು. ಸಂಬಂಧ ಮುರಿಯಿತು ಅಂದುಕೊಂಡು ಪ್ರೇಮಕುಮಾರಿ ಸೆರಗು ಬಾಯಿಗಿಟ್ಟುಕೊಂಡರು. ಗೌಡರು ದಮ್ಮು ತೆಗೆದುಕೊಂಡು ಕೇಳಿದರು.

"ಯಾರ್ರೀ ಅವ್ನು? ಬಸ್ ಜನವೆಲ್ಲ ಸೇರಿ ನೂಕುದ್ರೂ ಒಂದಂಗ್ಲ ಅಲ್ಲಾಡ್ಲಿಲ್ವಲ್ಲ."

ರಂಗಸ್ವಾಮಿ ಅತ್ತಿತ್ತ ನೋಡಿದರು. ಬೇರೆ ದಾರಿಯಿರಲಿಲ್ಲ. "ನಮ್ ತಂಗಿ ಗಂಡ, ಬೀಗ್ರೇ. ಇಂಡಿಯಾ ಟೀಮ್ನಾಗೆ ರಗ್ಬಿ ಆಡವ್ರೆ," ಅಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಕಪ್ ಗೆದ್ದವ್ರೆ," ಎಂದೂ ಸೇರಿಸಿದರು.

ಇಷ್ಟು ವರ್ಷ ಕಾದವನು ಸುಮ್ಮನಿರಬಾರದೇ? ಪರಮೇಶ ತಲೆ ಕೆರೆದುಕೊಂಡು, "ಇಲ್ಲ ಬಾವ, ಸೋತ್ವಿ," ಅಂದ.

ಚಿಕ್ಕೇಗೌಡರು ಅವನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಸೋತೋನೇ ಇಂಗವ್ನೆ ಅಂದ್ರೆ, ಗೆದ್ದೋರು ಇನ್ನೆಂಗಿದ್ರೋ ಶಿವನೇ," ಎಂದು ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಒಳಗೆ ನಡೆದರು. ಕೂತಿದ್ದ ಊರವರಿಬ್ಬರು ತಾವಾಗಿಯೇ ಎದ್ದು ಜಾಗ ಬಿಟ್ಟರು. ಉಳಿದವರನ್ನು ರಂಗಸ್ವಾಮಿ ಕೈ ಮುಗಿದು ಎಬ್ಬಿಸಿದರು. ಬಡಿಸುವವರು ಬರುವಷ್ಟರಲ್ಲಿ ಪರಮೇಶ ಬ್ರಿಟಿಷರ ಕಾಲದಿಂದ ಶುರುಮಾಡಿದ್ದ, ರಂಗಸ್ವಾಮಿಯವರು ಸಾರಿನ ಬಕೆಟ್ಟು ಹಿಡಿದುಕೊಂಡೇ ನಿಂತು ಕೇಳುತ್ತಿದ್ದರು.