ಶೆಟ್ಟರ ಬೊಂಬೆ ಇಡದ ವರ್ಷ

ಗಾಂಧಿ ಬಜಾರಿನ ಪಕ್ಕದ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಏಕಾಂತಯ್ಯನವರಿಗೆ ವ್ಯಾಪಾರಕ್ಕಿಂತ ಮಾತು ಜಾಸ್ತಿ ಎಂದು ಬೀದಿಯವರೆಲ್ಲ ನಗುತ್ತಿದ್ದರು. ಹಣೆಯ ತುಂಬ ವಿಭೂತಿ, ಕಿವಿಯ ಮೇಲೊಂದು ಪೆನ್ಸಿಲು. ಬೆಲ್ಲ ಕೇಳಿದವರನ್ನು, "ಈ ಸಲದ್ದು ಬೇಡಿ ತಾಯಿ, ಉಪ್ಪುಪ್ಪಾಗಿದೆ, ಹೊಸಾದು ಬರ್ಲಿ" ಎಂದು ತಾವೇ ವಾಪಸು ಕಳಿಸುವ ಆಸಾಮಿ. "ಹಿಂಗಾದ್ರೆ ನೀವು ಅಂಗಡಿ ನಡೆಸಿದ ಹಾಗೇ" ಎಂದು ಹೆಂಡತಿ ಮಹಾನಂದ ಒಳಗಿನಿಂದ ಗೊಣಗಿದರೆ, "ಅವರು ನಾಳೆನೂ ಬರ್ಬೇಕಲ್ವೇನೇ" ಎನ್ನುತ್ತಿದ್ದರು.

ನವರಾತ್ರಿ ಬಂತೆಂದರೆ ಅವರಿಗೆ ಇನ್ನೊಂದು ಅಂಗಡಿಯ ಚಿಂತೆ. ಬಸವನಗುಡಿಯ ಮನೆಗಳಲ್ಲಿ ಬೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರು ಮತ್ತು ಶೆಟ್ಟಮ್ಮ, ಆ ಡೊಳ್ಳು ಹೊಟ್ಟೆಯ ವ್ಯಾಪಾರಿ ದಂಪತಿ, ಕೂರಲೇಬೇಕು. ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಉಪ್ಪು ಇಟ್ಟು ಅಂಗಡಿ ಹೂಡಬೇಕು. ಆಂಡಾಳಮ್ಮನವರ ಮನೆಯ ಶೆಟ್ಟರಿಗೆ ಸರಕು ಹೋಗುತ್ತಿದ್ದುದು ಏಕಾಂತಯ್ಯನವರ ಅಂಗಡಿಯಿಂದ. ಪಾಡ್ಯದ ಸಂಜೆ ಬೆರಳುದ್ದದ ಪೊಟ್ಟಣಗಳಿಗೆ ದಾರ ಸುತ್ತಿ ತಾವೇ ತರುತ್ತಿದ್ದರು, ಕಾಸು ಮುಟ್ಟುತ್ತಿರಲಿಲ್ಲ. ಬೊಂಬೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಏನ್ ಶೆಟ್ರೇ, ವ್ಯಾಪಾರ ಜೋರಾ? ನಮ್ಮ ಗಿರಾಕಿಗಳನ್ನ ಮಾತ್ರ ಎಳ್ಕೋಬೇಡಿ" ಎಂದು ಮಣ್ಣಿನ ಶೆಟ್ಟರನ್ನು ಬೇಡಿಕೊಂಡರೆ ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದವು. ಆ ಮನೆಯ ಸೊಸೆ ಮೈತ್ರೇಯಿಯೂ ನಗುತ್ತಿದ್ದಳು, ತೊಂಬತ್ತೊಂಬತ್ತರ ದಸರೆಯ ತನಕ.

ಆ ವರ್ಷ ಅವಳ ಮಗಳು ಆರಾಧನಾಗೆ ಮೂರು ತುಂಬಿತ್ತು. ಒಳ್ಳೆಯ ಸ್ಕೂಲಿನಲ್ಲಿ ಸೀಟು ಸಿಗುವುದೋ ಇಲ್ಲವೋ, ಸಿಕ್ಕರೆ ಡೊನೇಷನ್ನಿಗೆ ಏನು ಗತಿ. ಮಗು ಕೆಮ್ಮಿದರೂ ಮೈತ್ರೇಯಿಗೆ ಭಯ, ಕೆಮ್ಮದೆ ಸುಮ್ಮನೆ ಮಲಗಿದ್ದರೂ ಭಯ. ಅಂಥದ್ದರಲ್ಲಿ ಗಂಡ ಕಶ್ಯಪ್ ಒಂದು ಡಾಟ್ ಕಾಮ್ ಕಂಪನಿಯ ಷೇರು ಕೊಂಡ. ಕಂಪ್ಯೂಟರಿನಲ್ಲಿ ಆರ್ಡರ್ ಕೊಟ್ಟರೆ ಮನೆ ಬಾಗಿಲಿಗೇ ದಿನಸಿ ತಲುಪಿಸುತ್ತೇವೆಂದು ಹೇಳುತ್ತಿದ್ದ ಕಂಪನಿ. ಷೇರು ವಾರದಿಂದ ವಾರಕ್ಕೆ ಏರಿತು. ಬೆಳಿಗ್ಗೆ ಪೇಪರು ಬಂದರೆ ಷೇರಿನ ಪುಟ ಬಿಡಿಸುವವಳು ಮೈತ್ರೇಯಿಯೇ. ಎಷ್ಟೋ ಕಾಲದ ಮೇಲೆ ಅವಳ ಎದೆ ಹಗುರವಾಗಿತ್ತು. ಹಗುರಾದ ಜಾಗದಲ್ಲಿ ಸ್ವಲ್ಪ ಜಂಬವೂ ಬಂದು ಕೂತಿತು.

ಬೊಂಬೆ ಕೂರಿಸುವಾಗ ಅವಳು ಶೆಟ್ಟರನ್ನೂ ಶೆಟ್ಟಮ್ಮನನ್ನೂ ಟ್ರಂಕಿನಲ್ಲೇ ಬಿಟ್ಟು, ಅವರ ಜಾಗದಲ್ಲಿ ಥರ್ಮಕೋಲಿನ ಕಂಪ್ಯೂಟರೊಂದನ್ನು ಮಾಡಿಟ್ಟಳು. ಪರದೆಯ ಮೇಲೆ ಚಮಕಿಯಲ್ಲಿ ಆ ಕಂಪನಿಯ ಹೆಸರು.

"ಶೆಟ್ರಿಲ್ದೆ ಬೊಂಬೆ ಕೂರ್ಸೋದುಂಟೇನೇ?" ಎಂದರು ಅತ್ತೆ ಆಂಡಾಳಮ್ಮ.

"ಒಂದು ವರ್ಷ ತಾನೇ ಅಮ್ಮ. ಏನೋ ಹೊಸದಾಗಿರ್ಲಿ."

ಪಾಡ್ಯದ ಸಂಜೆ ಹಜಾರದ ತುಂಬ ಹೆಂಗಸರು. ಪೊಟ್ಟಣಗಳನ್ನು ಹಿಡಿದು ಬಂದ ಏಕಾಂತಯ್ಯನವರು ಕೆಳಗಿನ ಮೆಟ್ಟಿಲು ನೋಡಿ ನಿಂತುಬಿಟ್ಟರು.

"ಶೆಟ್ರೆಲ್ಲಿ?"

"ರಿಟೈರ್ ಆದ್ರು," ಎಂದಳು ಮೈತ್ರೇಯಿ. ಹೆಂಗಸರು ನಕ್ಕರು. ಆ ನಗು ಅವಳಿಗೆ ಹುರುಪು ತಂದಿತು. "ಇನ್ಮೇಲೆ ಅಂಗಡಿ ಎಲ್ಲಾ ಇದರೊಳಗೇ."

"ಇವರ ಮಳಿಗೆ ಎಲ್ಲಿದೆಯಮ್ಮ?"

"ಮಳಿಗೆನೇ ಇಲ್ಲ. ಅದೇ ವಿಶೇಷ."

"ಲಾಭ ಚೆನ್ನಾಗಿದೆಯೋ?"

"ಸದ್ಯಕ್ಕೆ ನಷ್ಟಾನೇ. ಆದ್ರೂ ಗಾಂಧಿ ಬಜಾರಿನ ಅಂಗಡಿಗಳನ್ನೆಲ್ಲಾ ಸೇರ್ಸಿದ್ರೂ ಇದರ ಬೆಲೆಗೆ ಬರಲ್ಲ."

ಏಕಾಂತಯ್ಯನವರು ನಿಜವಾಗಿಯೂ ತಿಳಿಯುವ ಆಸೆಯಿಂದಲೇ ಕೇಳಿದರು, "ಹಂಗಾದ್ರೆ ನನ್ನ ಅಂಗಡಿಗೆ ಎಷ್ಟು ಬೆಲೆ ಕಟ್ಟಬಹುದು?"

"ನಿಮ್ಮದಾ? ಅವರ ಕಾಫಿ ತಿಂಡಿ ಖರ್ಚಲ್ಲಿ ಬಂದ್ಬಿಡುತ್ತೆ."

ಈ ಸಲ ನಗು ಇನ್ನೂ ಜೋರಾಗಿ ಎದ್ದಿತು. ಏಕಾಂತಯ್ಯನವರೂ ನಕ್ಕರು. ಪೊಟ್ಟಣಗಳನ್ನು ಎಲ್ಲಿಡುವುದೆಂದು ತಿಳಿಯದೆ ಆಚೀಚೆ ನೋಡಿ, ಕೊನೆಗೆ ಜೇಬಿಗೇ ಹಾಕಿಕೊಂಡರು. ಆಂಡಾಳಮ್ಮ ಒಳಗಿನಿಂದ ಉಸಲಿ ತರುವಷ್ಟರಲ್ಲಿ ಗೇಟು ದಾಟಿದ್ದರು.

ಮುಂದಿನ ದಸರೆ ಬರುವ ಹೊತ್ತಿಗೆ ಆ ಷೇರನ್ನು ಕೇಳುವವರಿರಲಿಲ್ಲ. ಸ್ಕೂಲಿನ ಡೊನೇಷನ್ನಿಗೆ ಮೈತ್ರೇಯಿಯ ತವರಿನ ಬಳೆ ಹೋಯಿತು. ಬಳೆಗಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದುದು ಕಾಫಿ ತಿಂಡಿಯ ಮಾತು. ಪಾತ್ರೆ ತೊಳೆಯುವಾಗ, ಮಗಳ ಜಡೆ ಹೆಣೆಯುವಾಗ ತನ್ನದೇ ದನಿ ಕಿವಿಯಲ್ಲಿ ಕೇಳಿ ಮುಖ ಬಿಸಿಯಾಗುತ್ತಿತ್ತು. ಏಕಾಂತಯ್ಯನವರ ಕಣ್ಣಿಗೆ ಬೀಳಬಾರದೆಂದು ಸುತ್ತು ಬಳಸಿ ಡಿ.ವಿ.ಜಿ. ರಸ್ತೆಗೆ ಹೋಗಿ ಸಾಮಾನು ತರುವಳು. "ಅಮ್ಮಾ, ತಾತನ ಅಂಗಡಿ ಆ ಕಡೆ" ಎಂದು ಮಗು ಕೈ ಜಗ್ಗಿದರೆ, "ಅಲ್ಲಿ ರಶ್ಶು ಪುಟ್ಟಾ" ಎನ್ನುವಳು.

ಆ ಸಲ ಪಾಡ್ಯ ಕಳೆದರೂ ಪೊಟ್ಟಣ ಬರಲಿಲ್ಲ. ಟ್ರಂಕಿನಿಂದ ಮತ್ತೆ ಮೆಟ್ಟಿಲಿಗೆ ಬಂದ ಶೆಟ್ಟರ ಮುಂದೆ ಅಡುಗೆಮನೆಯ ಅಕ್ಕಿಯನ್ನೇ ಇಟ್ಟು ಆಂಡಾಳಮ್ಮ ಸೊಸೆಯ ಕಡೆ ತಿರುಗಿದರು. "ಶುಕ್ರವಾರ ಅರಿಸಿನ ಕುಂಕುಮಕ್ಕೆ ಮಹಾನಂದನ್ನ ಕರೀಬೇಕು. ನೀನೇ ಹೋಗು. ಆ ಮಾತು ಅಂದಿದ್ದು ನೀನು."

ಮೈತ್ರೇಯಿ ಹೋದಳು. ಕ್ಷಮೆ ಕೇಳಬೇಕು, ಕೇಳಿದರೆ ಎದೆಯ ಮುಳ್ಳು ಹೋದೀತು ಎಂಬುದೊಂದೇ ಆಸೆ. ಮಹಾನಂದ ದೇವಸ್ಥಾನಕ್ಕೆ ಹೋಗಿದ್ದರು.

"ಏನಮ್ಮ, ದಾರಿ ತಪ್ಪಿ ಬಂದ್ರಾ?" ಎಂದು ಏಕಾಂತಯ್ಯನವರು ಎಂದಿನಂತೆಯೇ ನಕ್ಕರು.

"ಹೋದ ವರ್ಷ ನಾನು ಹಂಗೆಲ್ಲಾ ಮಾತಾಡ್ಬಾರದಿತ್ತು. ನಿಮಗೆ ಎಷ್ಟು ಕೋಪ ಬಂತೋ ಏನೋ."

"ಕೋಪ ಎಲ್ಲಿ ತಾಯಿ, ಹೆದರಿಕೆ ಆಯ್ತು." ಅವರು ಬೀದಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಿಮ್ಮತ್ತೆಯೋರ ಅತ್ತೆ ಕಾಲದಿಂದ ಆ ಮನೇಲಿ ಶೆಟ್ರು ಕೂತಿದ್ರು. ನಿಮ್ಮಂಥ ಓದಿದೋರು ಅವರನ್ನ ಎತ್ತಿಟ್ರು ಅಂದ್ಮೇಲೆ, ಅಂಗಡಿಯೋರ ಕಾಲ ಮುಗೀತು ಅಂದ್ಕೊಂಡೆ. ಈ ಮಳಿಗೆ ಓನರ್ರು ಮಾರ್ತೀನಿ, ಮೊದಲು ನಿನಗೇ ಅಂದಿದ್ರು. ದುಡ್ಡೂ ಕೂಡಿಟ್ಟಿದ್ದೆ. ಬೇಡ ಅಂದ್ಬಿಟ್ಟೆ."

ಮೈತ್ರೇಯಿಗೆ ಮುಂದಿನ ಮಾತು ಕೇಳಬೇಕೆನಿಸಲಿಲ್ಲ.

"ಆ ದುಡ್ಡಲ್ಲಿ ನಿಮ್ಮ ಕಂಪ್ನಿ ಷೇರೇ ತಗೊಂಡೆ. ಚಮಕಿಯಲ್ಲಿ ಬರೆದಿದ್ರಲ್ಲ, ಹೆಸರು ನೆನಪಿತ್ತು."

ಹೊರಗೆ ಹೂವಿನವಳು ಯಾರ ಜೊತೆಗೋ ಮೊಳದ ಲೆಕ್ಕಕ್ಕೆ ಜಗಳವಾಡುತ್ತಿದ್ದಳು. ಅಷ್ಟು ದಿನ ಎದೆಯಲ್ಲಿಟ್ಟುಕೊಂಡು ಬಂದ ಕ್ಷಮೆಯ ಮಾತು ಈಗ ಮೈತ್ರೇಯಿಗೆ ತೀರ ಸಣ್ಣದೆನಿಸಿತು. ಅವಮಾನಕ್ಕಾದರೆ ಅದು ಸಾಲುತ್ತಿತ್ತು, ಕಳೆದುಹೋದ ಮಳಿಗೆಗೆ ಸಾಲದು.

"ಮಹಾನಂದಂಗೆ ಗೊತ್ತಿಲ್ಲ," ಎಂದರು ಏಕಾಂತಯ್ಯನವರು. "ಓನರ್ರು ಮನಸ್ಸು ಬದಲಾಯಿಸಿದ್ರು ಅಂದಿದೀನಿ. ದುಡ್ಡು ಬ್ಯಾಂಕಲ್ಲಿದೆ ಅಂದ್ಕೊಂಡಿದಾಳೆ. ನಿಧಾನಕ್ಕೆ ನಾನೇ ಹೇಳ್ತೀನಿ. ನೀವು ಮಾತ್ರ ಬಾಯ್ಬಿಡ್ಬೇಡಿ ತಾಯಿ."

ಅವಳು ಆಗಲೆಂದು ತಲೆಯಾಡಿಸಿದಳು.

ಶುಕ್ರವಾರ ಮಹಾನಂದ ಹಸಿರು ರೇಷ್ಮೆ ಸೀರೆ ಉಟ್ಟು ಬಂದರು. ಹಜಾರದಲ್ಲಿ ಹೋದ ವರ್ಷದ ಹೆಂಗಸರೇ. ಎದುರು ಮನೆಯಾಕೆ ರಾಗ ಎಳೆದರು, "ಈ ಸಲ ಯಾವ ಕಂಪ್ನೀನೂ ಇಟ್ಟಿಲ್ವಾ ಮೈತ್ರೇಯಿ?"

ಮಹಾನಂದ ಬಾಯಿ ಹಾಕಿದರು. "ನಮ್ಮನೆಯೋರಿಗೆ ಆ ಷೇರು ಗೀರು ಎಲ್ಲಾ ತಿಳಿಯಲ್ಲಪ್ಪ. ಮಳಿಗೆ ಕೊಳ್ಳೋಣ ಅಂದ್ರೆ ಓನರ್ರು ಕೈ ಕೊಟ್ರು. ಹೋಗ್ಲಿ, ದುಡ್ಡು ಬ್ಯಾಂಕಲ್ಲಿ ಭದ್ರವಾಗಿದೆ. ಗಂಡ ಪೆದ್ದನಾಗಿರೋದೂ ಒಂದು ಪುಣ್ಯ ನೋಡಿ."

ಎಲ್ಲರೂ ಮೈತ್ರೇಯಿಯ ಮುಖ ನೋಡಿ ನಕ್ಕರು. ಅವಳೂ ತುಟಿ ಅಗಲಿಸಿ, ಮಹಾನಂದರ ಕೆನ್ನೆಗೆ ಅರಿಸಿನ ಹಚ್ಚಿದಳು. ಹಚ್ಚಿದ ಕೆನ್ನೆಗೇ ಮತ್ತೊಮ್ಮೆ ಹಚ್ಚಿದಳು. ಅದು ಮಹಾನಂದರಿಗೆ ತಿಳಿಯಿತು. ತಮ್ಮ ಮಾತಿಗೆ ನೊಂದಳೆಂದುಕೊಂಡು ಅವಳ ಕೈ ಹಿಡಿದು ಪಿಸುಗುಟ್ಟಿದರು.

"ಬೇಜಾರ್ ಮಾಡ್ಕೋಬೇಡಿ. ಕೈಯಲ್ಲಿ ಕಾಸಿಲ್ಲ ಅಂತ ತಾನೇ ನಮ್ಮಂಗಡೀಗೆ ಬರೋದು ಬಿಟ್ಟಿದ್ದು? ಮಗು ಇರೋ ಮನೆ. ಬಂದು ಏನ್ ಬೇಕೋ ತಗೊಂಡ್ಹೋಗಿ, ಆದಾಗ ಕೊಡೋರಂತೆ. ನಮಗೇನು ಕಷ್ಟ ಇಲ್ಲ."

ಮೈತ್ರೇಯಿ ತಾಂಬೂಲದ ತಟ್ಟೆ ಕೆಳಗಿಟ್ಟು ಹಾಗೆಯೇ ಬಗ್ಗಿ ಮಹಾನಂದರ ಪಾದ ಮುಟ್ಟಿದಳು. ಆ ಮನೆಯ ಸೊಸೆ ಅಂಗಡಿಯಾಕೆಯ ಕಾಲಿಗೆ ಬಿದ್ದದ್ದನ್ನು ಕಂಡು ಹಜಾರದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಅಯ್ಯೋ ಶಿವನೇ, ಏನಿದು, ಏಳಿ ಏಳಿ," ಎಂದು ಮಹಾನಂದ ನಾಚಿ ಹಿಂದೆ ಸರಿದರು.

ಮೈತ್ರೇಯಿ ತಕ್ಷಣ ಏಳಲಿಲ್ಲ. ಎದ್ದರೆ ಅವರ ಮುಖ ನೋಡಬೇಕಾಗಿತ್ತು.